ಕಿವಿ ಹಿಂದಿನ ಗಂಟು

ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಉದಗೀರದ ಬಸ್ಸಿಗೆ ಕಾಯುತ್ತಿದ್ದ ಶಿವಗಂಗಾಬಾಯಿಯ ಮೂಗಿಗೆ ತುಳಸಿ ಬೆರೆತ ಚಹಾದ ವಾಸನೆ ಬಡಿಯಿತು. ಯಾರ ಕೈಯಲ್ಲೂ ಕಪ್‌ಬಸಿ ಇರಲಿಲ್ಲ. ಪಕ್ಕದಲ್ಲಿ ತಾಯಿಯೊಬ್ಬಳು ಮಗಳ ತಲೆ ಮೇಲಿನ ಸೆರಗಿನೊಳಗೆ ಕೈಯಿಟ್ಟು ಒದ್ದೆ ಕೂದಲು ಬಿಡಿಸುತ್ತಿದ್ದಳು.

“ಚಹಾಪುಡಿ, ತುಳಸಿ ಕುದಿಸಿ ಆರಿಸಿ ದಿನಾ ತಲಿಗಿ ಹಾಕ್ಕೋ ಅಂದಿದ್ನಲ್ಲ, ಅನುಸೂಯಾ?”

“ಎಂಟ್ ದಿನ ಹಾಕ್ಕೊಂಡೀನವ್ವ. ಉಳಿದ ಕೂದ್ಲ ರೇಶ್ಮಿ ಆಗ್ಯಾವ. ಕಿವಿ ಹಿಂದಿನ ಗಂಟೊಂದು ಬಿಡವಲ್ದು.”

“ಬಾಚಣಿಕಿ ಎಳದಿ?”

“ಹಲ್ಲು ಮುರದ್ವು. ನೀನ ಕತ್ತರಿಸಿಬಿಡವ್ವ.”

“ಕೂದ್ಲ ಗಂಟ್‌ಗಟ್ಟಿ ಜಡಿ ಬಿದ್ದಿದ್ರ? ದೇವರು ಬರೂ ಗುರ್ತದು. ಕತ್ರಿ ಹಚ್ಚಬಾರ್ದು.”

“ಬಾಣಂತನದಾಗ ತಲಿ ಬಾಚ್ಕೊಂಡಿಲ್ಲ, ಅಷ್ಟ. ನಮ್ಮ ನೆಗೆಣ್ಣಿಗೂ ಹಿಂಗೇ ಆಗಿತ್ತು. ಜಡಿ ಅಂದು ಆಕಿನ್ನ ದೇವರ ಹೆಸರ್ಲೆ ಗುಡಿಗಿ ಬಿಟ್ರು. ಕೂಸಿನ್ನೂ ಕಸ್ಕೊಂಡ್ರು.”

“ಸಣ್ಣಗ ಮಾತಾಡು. ನಿಮ್ಮತ್ತಿ ನೋಡಿಲ್ಲಲ್ಲ?”

ಮಗಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಮುಂಜಾನಿ ನೋಡಿದ್ಲು. ಗಂಟಿಗಿ ಅರಿಶಿಣದ ಭಂಡಾರ ಹಚ್ಚಿ, ನನ್ನ ಕಾಲಿಗಿ ಬಿದ್ಲವ್ವ.”

ಸಾಸ್ತೂರಿನ ಬಸ್ಸು ಬಂತು. ಮಗಳು ಎದ್ದು ಮುಂದೆ ನಡೆದಳು. ಸೆರಗಿನಿಂದ ಹೊರಬಂದ ತಾಯಿಯ ಬೆರಳುಗಳು ಹಳದಿಯಾಗಿದ್ದವು. ಆಕೆ ಅವನ್ನು ಸೀರೆಗೆ ಒರೆಸಿಕೊಳ್ಳಲಿಲ್ಲ. ಬಸ್ಸು ಹತ್ತುವ ಮುನ್ನ, ಮಗಳ ಬೆನ್ನ ಹಿಂದೆ ನಿಂತು, ಆ ಭಂಡಾರವನ್ನು ತನ್ನ ಹಣೆಗೆ ಹಚ್ಚಿಕೊಂಡಳು.