ಸಂದಿಯೊಳಗಿನ ಕಲ್ಲು

ಮಳೆ ಹಿಡಿದರೆ ನಮ್ಮ ರಸ್ತೆಯಲ್ಲಿ ನಿಲ್ಲಲು ಜಾಗ ಇರುವುದು ಇಸ್ತ್ರಿ ಅಜ್ಜಿಯ ಅಂಗಡಿಯಲ್ಲಿ ಮಾತ್ರ. ಆ ಸಂಜೆ ಕರೆಂಟೂ ಹೋಗಿತ್ತು. ಆಟೋದವನು, ಹಾಲಿನವಳು, ನಾನು ಇಸ್ತ್ರಿಪೆಟ್ಟಿಗೆಯ ಕೆಂಡದ ಬೆಳಕಿಗೆ ಒತ್ತಿಕೊಂಡು ಕೂತಿದ್ದೆವು. "ಪಕ್ಕದ ಸಂದಿ ದೇವರು ನೆನೀತಿದೆ, ಒಂದು ತಗಡಾದ್ರೂ ಹೊದಿಸಬಾರದಾ ಅಜ್ಜಿ?" ಎಂದು ಆಟೋದವನು ಅಂದದ್ದೇ ತಡ, ಅಜ್ಜಿ ಪೆಟ್ಟಿಗೆಯನ್ನು ಕುಕ್ಕಿ ಇಟ್ಟಳು.

"ಯಾವ ದೇವರೋ? ಅದನ್ನ ಮಾಡಿದ್ದು ಆ ಸಂದಿ ಪಕ್ಕದಲ್ಲೇ ಅಂಗಡಿ ಇಟ್ಕೊಂಡಿದ್ದ ನಮ್ಮ ಟೈಲರಣ್ಣ. ಎರಡು ಕಟ್ಟಡದ ಮಧ್ಯೆ ಮೊಳದಷ್ಟು ಜಾಗ ಬಿಟ್ಟಿದಾರಲ್ಲ, ಹೋಗೋ ಬರೋ ಗಂಡಸರೆಲ್ಲ ಅಲ್ಲೇ ನಿಂತು ಉಚ್ಚೆ ಹುಯ್ಯೋರು... ನಗಬೇಡ, ನಿನ್ನಂಥೋರೇ. ಬೈದ, ಬೋರ್ಡ್ ಹಾಕಿದ, ಕೇಳಿದ್ರಾ? ಕೊನೆಗೆ ಒಡೆದ ಮೆಟ್ಟಿಲ ಕಲ್ಲು ತಂದು, ಕೆಂಪು ಬಣ್ಣ ಬಳಿದು, ಬಟ್ಟೆಗೆ ಗೆರೆ ಎಳೆಯೋ ಸೀಮೆಸುಣ್ಣದಲ್ಲಿ ಎರಡು ಕಣ್ಣು ಬರೆದು ಇಟ್ಟ. ಮಾರನೇ ದಿನದಿಂದ ಒಬ್ಬನೂ ಅಲ್ಲಿ ನಿಲ್ಲಲಿಲ್ಲ! ಆಮೇಲೆ ಯಾರೋ ದೀಪ ಇಟ್ರು, ಯಾರೋ ಹೂ ಇಟ್ರು, ಯಾರೋ ಬಂದು ಅತ್ತು ಹೋದ್ರು... ಟೈಲರಣ್ಣ ಇಲ್ಲೇ ನಿಂತು ಹೊಟ್ಟೆ ಹಿಡ್ಕೊಂಡು ನಗೋನು. ಒಳಗೆ ಯಾರೂ ಇಲ್ಲ ಅಂತ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಆದ್ರೆ ಖಾಲಿ ಮನೆ ಮುಂದೆ ದಿನಾ ದೀಪ ಹಚ್ಚಿ ಕರೀತಾ ಇದ್ರೆ, ಯಾವುದೋ ಒಂದು ಬಂದು ಸೇರ್ಕೊಳ್ಳಲ್ವೇನೋ?

ಅವನ ಮಗಳಿಗೆ ಜ್ವರ ಬಂತು. ತಾಯಿ ಇಲ್ಲದ ಕೂಸು. ಡಾಕ್ಟ್ರು ಕೈಚೆಲ್ಲಿದ್ರು. ಅಷ್ಟು ನಗ್ತಿದ್ದ ಮನುಷ್ಯ ಅವತ್ತು ಸಂದಿಯೊಳಗೆ ತಲೆ ತೂರಿಸಿ, 'ಒಳಗೆ ಯಾರಿದ್ರೂ ಸರಿ, ನಮ್ಮನೆಗೆ ಬಾ, ನನ್ನ ಮಗಳನ್ನ ಎಬ್ಬಿಸು' ಅಂತ ಗೋಗರೆದ. ಯಾರಿದ್ರೂ ಸರಿ ಅಂತ ಕರೀತಾರೇನ್ರೋ?

ಬಂತು... ಮಗು ಎದ್ದು ಕೂತ್ಲು, ಗಬಗಬ ಅಂತ ತಿಂದ್ಲು. ಆದ್ರೆ ಅಪ್ಪ ಅನ್ನಲೇ ಇಲ್ಲ. ರೆಪ್ಪೆ ಬಡೀಲೇ ಇಲ್ಲ. ಟೈಲರಣ್ಣ ಹೆದರಿ, ಆ ಕಲ್ಲು ಕಿತ್ತು ಬಿಸಾಕ್ತೀನಿ ಅಂತ ಓಡಿ ಬಂದು ಕೈ ಇಟ್ಟ. ಸಂದಿಯ ಆಳದಿಂದ ಅವನ ಕೂಸಿನ ದನಿ: 'ಅಪ್ಪಾ, ಇಲ್ಲಿ ಕತ್ತಲು... ಬಿಟ್ಟು ಹೋಗ್ಬೇಡ.'

ಎಲ್ಲಿಗೆ ಹೋಗ್ತಾನೆ? ಸಾಯೋವರೆಗೂ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತು, ಅವಳು ಕರೆದಾಗೆಲ್ಲ ಓಗೊಟ್ಟ. ಮನೇಲಿ ಮಗಳ ಮೈಯೊಳಗೆ ಸೇರ್ಕೊಂಡಿದ್ದದ್ದು ಒಂದು ದಿನ ತಾನೇ ಬಾಗಿಲು ತೆಗೆದು ಎತ್ತಲೋ ಹೊರಟು ಹೋಯ್ತು."

ಮಳೆ ಇಳಿಯುತ್ತಿತ್ತು. ಅಜ್ಜಿಯ ದನಿಯೂ ಇಳಿಯಿತು.

"ಅಪ್ಪ ಸತ್ತ ಅಂತ ಆ ಕೂಸಿಗೆ ಹೇಳೋರು ಯಾರು? ಈಗ ಆ ಕಡೆ ಹೋಗೋ ಗಂಡಸರನ್ನೆಲ್ಲ ಅಪ್ಪಾ ಅಂತಾಳೆ. ನೀವು ಅದೇ ದಾರೀಲಿ ಹೋಗೋರಲ್ವಾ... ಕರುಳು ಎಷ್ಟೇ ಚುರುಕ್ ಅಂದ್ರೂ ಓ ಅನ್ಬೇಡಿ. ಒಂದ್ಸಲ ಓಗೊಟ್ಟೋನನ್ನ ಅವಳು ಬಿಡಲ್ಲ."