ಧರಣಿಗೆ ಕರೆದ ಕೂಸು

“ಸಂಶೋಧನೆ ಮುಗಿಯೋಗಂಟ ಕಾಲು ಕಾಯ್ತವಾ?”

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಶಾಂತಮಲ್ಲಮ್ಮ ಯಾರನ್ನೂ ನೋಡದೆ ಕೇಳಿದರು. ನಡೆಯಲಾಗದ ಮಗಳು ಶಿವಾನಿ ಅವರ ಮಡಿಲಲ್ಲಿದ್ದಳು. ಪಕ್ಕದಲ್ಲಿದ್ದ ವಿರೋಧ ಪಕ್ಷದ ಮುಖಂಡ ರಾಜಶೇಖರ್ ಇತ್ತ ತಿರುಗಿದರು. ಎದುರಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನಾನು ಜಪ ನಿಲ್ಲಿಸಿದೆ.

“ಸಂಶೋಧನೆ ಮುಗೀಲಿ ಅಂತ ಸರ್ಕಾರ ಸ್ಟೆಮ್ ಸೆಲ್ ಇಂಜೆಕ್ಷನ್ ತಡೀತಲ್ಲ, ಇದನ್ನೇ ನಾಳೆ ಧರಣೀಲಿ ಮೈಕಲ್ಲಿ ಕೇಳಕ್ಕ,” ಎಂದರು ರಾಜಶೇಖರ್.

“ತಡೆದಿದ್ದು ನಿಮ್ಮೋರ ಕಾಲದಲ್ಲೇ ಅಲ್ವಾ?”

“ಆಗ ನಾವು ಆಳ್ತಿದ್ದೋ, ಬುಡು.”

“ಇಂಜೆಕ್ಷನ್ ಕೊಟ್ರೆ ಇವ್ಳು ನಡೀತಾಳಾ?”

“ಅದು ಡಾಕ್ಟ್ರಿಗೇ ಇನ್ನೂ ಗೊತ್ತಿಲ್ಲ ಕಣಕ್ಕ. ನೀನು ಕೂಸ ಎತ್ಕೊಂಡು ಬಾ, ಸಾಕು. ನೋಡ್ದೋರು ಅಳ್ಬೇಕು.”

ಚಾಮರಾಜನಗರದ ಬಸ್ಸು ಬಂತು. ಶಾಂತಮಲ್ಲಮ್ಮ ಮಗಳನ್ನು ಹೆಗಲಿಗೇರಿಸಿಕೊಂಡು ಎದ್ದರು.

“ಇವ್ಳ ಮುಂದೆ ನಾನೇ ಒಂದಿನ ಅತ್ತಿಲ್ಲ ಕಣಪ್ಪ. ಧರಣಿಗೆ ನಾವು ಬರಾಕಿಲ್ಲ.”