ಡಿಸ್ಕಮ್ಮನವರು ಉಳಿಸಿದ ಜಾಗ

ಅಧ್ಯಕ್ಷರ ಕುರ್ಚಿಯಲ್ಲಿರುವ ನಿರ್ದೇಶಕರೇ, ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿದ್ದರೂ ವೇದಿಕೆ ಹತ್ತಲು ಒಪ್ಪದೆ ಮೊದಲ ಸಾಲಿನ ತುದಿಯಲ್ಲಿ ಕುಳಿತಿರುವ, ಡಿಸ್ಕು ಕಾಯುತ್ತ ಕಾಯುತ್ತ ಆ ಹೆಸರೇ ಅಂಟಿಕೊಂಡ ನಮ್ಮ ಡಿಸ್ಕಮ್ಮನವರೇ, ಊಟದ ವಾಸನೆ ಬರುತ್ತಿದ್ದರೂ ಕದಲದ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೈಕು ಸಿಕ್ಕಿದ ಮೇಲೆ ಐದೇ ನಿಮಿಷಕ್ಕೆ ಬಿಟ್ಟವರನ್ನು ನಾನಂತೂ ಕಂಡಿಲ್ಲ.

ನಮ್ಮ ವಿಭಾಗದ ಕೆಲಸವೇನು? ಲಿನಕ್ಸ್ ಕಂಪ್ಯೂಟರುಗಳಿಗೆ ಬೇಕಾದ ಸಾವಿರಾರು ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳು, ದೂರದ ಮೂಲ ಸರ್ವರಿನಲ್ಲಿರುತ್ತವೆ. ಅವುಗಳ ಪ್ರತಿಯನ್ನು ನಾವು ಇಲ್ಲಿಟ್ಟಿರುತ್ತೇವೆ. ಸುತ್ತಲಿನ ಶಾಲೆ, ಕಚೇರಿ, ಆಸ್ಪತ್ರೆಗಳು ನಮ್ಮಿಂದಲೇ ಇಳಿಸಿಕೊಳ್ಳುತ್ತವೆ. ಇದೇ ಮಿರರ್. ಹನ್ನೊಂದು ವರ್ಷದ ಹಿಂದೆ ಈ ಮಿರರ್‌ನ ಡಿಸ್ಕು ನೂರಕ್ಕೆ ತೊಂಬತ್ತೆಂಟು ಭಾಗ ತುಂಬಿತು. ಹೊಸ ಡಿಸ್ಕು ಮುಂದಿನ ವರ್ಷ ಎಂದರು. ಆಗ ನಾನು ಡಿಸ್ಕಮ್ಮನವರಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿದ್ದೆ, ಗತ್ತು ಮಾತ್ರ ಹತ್ತು ಮೆಟ್ಟಿಲಿನದು. ಲಿನಕ್ಸಿನ ಹಳೆಯ ಆವೃತ್ತಿಯನ್ನು ಪೂರ್ತಿ ಅಳಿಸಿಬಿಡಿ ಎಂದೆ.

ಶುಕ್ರವಾರ ಸಂಜೆ ಅವರು ಒಂದು ಪಟ್ಟಿ ಹಿಡಿದು ಬಂದರು. ಹಳೆಯ ಆವೃತ್ತಿ, ಹೊಸ ಆವೃತ್ತಿ, ತಿದ್ದುಪಡಿಗಳ ಫೋಲ್ಡರು, ಎಲ್ಲದರಲ್ಲೂ ಅದೇ ಫೈಲುಗಳು ಮತ್ತೆ ಮತ್ತೆ ಕೂತಿವೆ, ಒಂದನ್ನು ಮಾತ್ರ ಡಿಸ್ಕಿನಲ್ಲಿಟ್ಟು ಉಳಿದ ಕಡೆ ಅದಕ್ಕೇ ಇನ್ನೊಂದು ಹೆಸರು ಕೊಡೋಣ ಎಂದರು. ಅದು ಹೇಗೆ ಸಾಧ್ಯ ಎಂದು ನಾನು ರೇಗಿದೆ.

"ಸರ್, ನಮ್ಮನೇಲಿ ನಾನು ಅನ್ನೋಳು ಒಬ್ಳೇ. ತಮ್ಮನಿಗೆ ಅಕ್ಕ, ಅವನ ಹೆಂಡ್ತಿಗೆ ಅತ್ತಿಗೆ, ಅವರ ಮಗಳಿಗೆ ಅತ್ತೆ. ಹಾಗಂತ ನನಗೆ ಮೂರು ಮಂಚ ಹಾಕ್ತಾರಾ?"

ನಗಬೇಕಿತ್ತು. ನಗಲಿಲ್ಲ. ರಜೆ ಕಳೆದ ಮೇಲೆ ಎರಡು ದಿನ ಕೊಡಿ ಎಂದರು, ಕೊಡಲಿಲ್ಲ. ಸೋಮವಾರ ಬೆಳಿಗ್ಗೆ ನಾನೇ ಕೂತು, ಈ ಕೈಯಿಂದಲೇ, ಹಳೆಯ ಆವೃತ್ತಿಯನ್ನು ಅಳಿಸಿದೆ. ಮನೆಯಲ್ಲೂ ನನಗೆ ಇದೇ ಚಾಳಿ. ಬೇಡದ್ದು ಅನ್ನಿಸಿದರೆ ಕೇಳದೆ ಎಸೆಯುತ್ತೇನೆ. ನನ್ನ ಹೆಂಡತಿ ತನ್ನ ಅಮ್ಮನ ಕಾಗದಗಳನ್ನು ಹಿಟ್ಟಿನ ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದಾಳೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಇರಲಿ. ಅಳಿಸಿ ನೋಡಿದರೆ ಡಿಸ್ಕು ಅರವತ್ತೊಂದಕ್ಕೆ ಇಳಿದಿತ್ತು! ಎದೆಯುಬ್ಬಿಸಿಕೊಂಡು ನಿರ್ದೇಶಕರಿಗೆ ವರದಿ ಬರೆದೆ.

ಒಂಬತ್ತನೆಯ ದಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಿಂದ ಫೋನು. ರಕ್ತಪರೀಕ್ಷೆಯ ಯಂತ್ರದ ಕಂಪ್ಯೂಟರು ಕೆಟ್ಟಿದೆ, ಆ ಯಂತ್ರಕ್ಕೆ ಹಳೆಯ ಆವೃತ್ತಿಯೇ ಬೇಕು, ಮೂಲ ಸರ್ವರಿನಲ್ಲಿ ಅದನ್ನು ತೆಗೆದಿದ್ದಾರೆ. ಆರು ನವಜಾತ ಶಿಶುಗಳ ರಕ್ತ ಪರೀಕ್ಷೆಗೆ ಕಾದಿದೆ. ನಿಮ್ಮಲ್ಲಿ ಇದೆಯಲ್ಲ ಎಂದು ಕೇಳಿದರು. ನೋಡುತ್ತೇನೆ ಎಂದು ಫೋನಿಟ್ಟೆ. ಏನನ್ನು ನೋಡುವುದು? ಅಳಿಸಿದವನೇ ನಾನು! ಡಿಸ್ಕಮ್ಮನವರ ಮೇಜಿನ ಮುಂದೆ ಹೋಗಿ ನಿಂತೆ.

"ಇದೆ ಸರ್," ಎಂದರು. "ನೀವು ಅಳಿಸಿದ್ದು ಒಂದು ಹೆಸರನ್ನ. ಕೊನೇ ಹೆಸರು ಹೋಗೋವರೆಗೂ ಫೈಲು ಹೋಗಲ್ಲ. ನಿಮ್ಮ ಕೋಪ ಗೊತ್ತಿತ್ತಲ್ಲ, ಎಲ್ಲದಕ್ಕೂ ಇನ್ನೊಂದು ಹೆಸರು ಇಟ್ಟಿದ್ದೆ."

ಒಂದು ಸಾಲು ಟೈಪು ಮಾಡಿದರು. ಹದಿನಾಲ್ಕು ಸಾವಿರ ಫೈಲುಗಳು ಇದ್ದಲ್ಲಿಗೇ ಬಂದು ನಿಂತವು. ಡಿಸ್ಕು ನೋಡಿದೆ. ಅರವತ್ತೊಂದು. ಅಷ್ಟೆಲ್ಲ ಮರಳಿ ಬಂದರೂ ಅಂಕಿ ಅಲುಗಲಿಲ್ಲ! ಮೈ ಜುಮ್ಮೆಂದಿತು. ನೆನೆದರೆ ಇಂದಿಗೂ ಜುಮ್ಮೆನ್ನುತ್ತದೆ. ನನ್ನ ಅಪ್ಪಣೆ ಮೀರಿ ಶನಿವಾರ, ಭಾನುವಾರ ಕೂತು, ಪ್ರತಿಗಳನ್ನೆಲ್ಲ ಒಂದಾಗಿಸಿ ಜಾಗ ಉಳಿಸಿದವರು ಅವರು. ನಾನು ಅಳಿಸಿದ್ದರಿಂದ ಉಳಿದ ಜಾಗ ಸೊನ್ನೆ. ಆ ಮಧ್ಯಾಹ್ನವೇ ಯಂತ್ರ ಓಡಿತು, ಆರೂ ಮಕ್ಕಳ ಪರೀಕ್ಷೆ ಮುಗಿಯಿತು.

ಸಭಿಕರೇ, ನನ್ನ ವರದಿಯನ್ನು ಮಾತ್ರ ನಾನು ತಿದ್ದಲಿಲ್ಲ. ಆ ವರದಿಯ ಬಲದಿಂದಲೇ ನಾನು ವಿಭಾಗದ ಮುಖ್ಯಸ್ಥನಾದೆ. ಆ ಸಲ ಅವರ ಹೆಸರೂ ಬಡ್ತಿಯ ಪಟ್ಟಿಯಲ್ಲಿತ್ತು. ಹನ್ನೊಂದು ವರ್ಷ ನನ್ನ ಕೈಕೆಳಗೆ ದುಡಿದರು. ತಮಾಷೆಗೂ ಒಂದು ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾಗುತ್ತಿದ್ದೆ? ಇಂಥ ದೊಡ್ಡ ಮನಸ್ಸು ಎಲ್ಲಿಂದ ಬರುತ್ತದೆ? ನನಗೆ ಇವತ್ತಿಗೂ ತಿಳಿಯದು.

ನಿರ್ದೇಶಕರೇ, ನಿಮ್ಮ ಮುಂದಿರುವ ಕಂದು ಲಕೋಟೆಯಲ್ಲಿರುವುದು ನನ್ನ ಭಾಷಣದ ಪ್ರತಿಯಲ್ಲ. ಅದು ತಿದ್ದಿದ ವರದಿ, ಜೊತೆಗೆ ನನ್ನ ರಾಜೀನಾಮೆ.

ಡಿಸ್ಕಮ್ಮನವರೇ, ಬೇಡ ಬೇಡ ಎಂದು ಅಲ್ಲಿಂದಲೇ ಕೈಯಾಡಿಸುತ್ತಿದ್ದೀರಿ. ನಿಮ್ಮ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ಇವತ್ತೂ ಕೇಳುವುದಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಅವರಿಗೆ ಮಾತ್ರ, ಕೆಳಗಿಳಿದು ಬಂದು, ನಮಸ್ಕಾರ.